ಪದ್ಮಾಕ್ಷಿ ತೋರಿಸಿದ ಮಂಗಳೂರು

ಪದ್ಮಾಕ್ಷಿಯನ್ನು ನಾನು ಮೊದಲು ನೋಡಿದ್ದು ಪಾಣೆಮಂಗಳೂರಿನ ಸೇತುವೆಯ ಹತ್ತಿರ, ಅವಳು ಮದುಮಗಳಾಗಿ ಬಸ್ಸಿನಿಂದ ಇಳಿದ ದಿನ. ಸಾವಿರದ ಒಂಬೈನೂರ ಐವತ್ತನಾಲ್ಕನೆಯ ಇಸವಿ, ಬೇಸಗೆ ಕಾಲ. ನಮ್ಮ ನೆರೆಮನೆಯ ಸೇಸಮ್ಮನ ಮಗ ಧರ್ಣಪ್ಪನಿಗೆ ಮಂಗಳೂರಿನ ಬೋಳಾರದಿಂದ ಹೆಣ್ಣು ತಂದಿದ್ದರು. ನನ್ನ ಗಂಡನಿಗೆ ಜ್ವರವಿದ್ದ ಕಾರಣ ನಾನು ದಿಬ್ಬಣಕ್ಕೆ ಹೋಗಿರಲಿಲ್ಲ. ಬಂದವರ ಕಾಲಿಗೆ ನೀರು ಕೊಡಲು ಕೊಡಪಾನ ಹಿಡಿದುಕೊಂಡು ದಾರಿಯಲ್ಲಿ ನಿಂತಿದ್ದೆ.

ತಲೆ ತಗ್ಗಿಸಿ ನಿಲ್ಲಬೇಕಾದ ಹುಡುಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಸೇತುವೆಯ ಕಂಬಿಯ ಹತ್ತಿರ ಹೋಗಿ ಹೊಳೆಯನ್ನು ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿದಳು.

"ಅಕ್ಕ, ಇದು ನೇತ್ರಾವತಿಯೇ ಅಲ್ಲವಾ?"

"ಹೌದು. ಮತ್ತೆಂಥದು?"

"ಹಾಗಾದರೆ ಈ ನೀರು ನಾಳೆ ನಮ್ಮ ಮನೆಯ ಹಿಂದೆ ಹೋಗ್ತದೆ. ಅಮ್ಮ ಕಾರ್ಖಾನೆಯಿಂದ ಬಂದು ಕಾಲಿನ ಮಣ್ಣು ತೊಳೆಯುವುದು ಅದರಲ್ಲೇ."

ಸೇಸಮ್ಮ ಹಿಂದಿನಿಂದ ಕೇಳಿಸಿಕೊಂಡಳು. "ನೋಡಿ, ನೋಡಿ. ಬಸ್ಸಿನಿಂದ ಇಳಿದು ಹೊಸಿಲು ದಾಟಲಿಲ್ಲ, ಆಗಲೇ ತಾಯಿಮನೆಯ ದಾರಿ ಹುಡುಕ್ತಾಳೆ!" ಎಂದಳು. ಎಲ್ಲರೂ ನಕ್ಕರು. ಸೇಸಮ್ಮ ನಗಲಿಲ್ಲ. ಅದನ್ನು ನಾನು ಆ ದಿನವೇ ಗಮನಿಸಿದ್ದೆ.

ಓದುವವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಪಾಣೆಮಂಗಳೂರಿನಿಂದ ಮಂಗಳೂರು ದೂರವಿಲ್ಲ. ಆಗಲೂ ದೂರವಿರಲಿಲ್ಲ. ಬೆಳಿಗ್ಗೆ ಗಂಜಿ ಉಂಡು ಬಸ್ಸು ಹತ್ತಿದವರು ಹಂಪನಕಟ್ಟೆಯಲ್ಲಿ ಇಳಿದು, ಕೆಲಸ ಮುಗಿಸಿ, ದನ ಹಟ್ಟಿಗೆ ಬರುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಧರ್ಣಪ್ಪ ಎಷ್ಟೋ ಸಲ ಹಾಗೆ ಹೋಗಿದ್ದಾನೆ, ಹೊಗೆಸೊಪ್ಪು ತರಲು, ನಾಟಕ ನೋಡಲು, ಕೆಲವೊಮ್ಮೆ ಏನೂ ಇಲ್ಲದೆ ಸುಮ್ಮನೆ. ಆ ಊರಿನಲ್ಲೇ ಹುಟ್ಟಿದವಳು ಮಾತ್ರ ಮೊದಲ ಆಟಿ ಕಳೆದ ಮೇಲೆ ಆರು ವರ್ಷ ಆ ಬಸ್ಸಿನಲ್ಲಿ ಕಾಲಿಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಬಿಸಿಯಾಗುತ್ತದೆ.

ಹೊಸ ಮದುಮಗಳು ಮಳೆ ಸುರಿಯುವ ಆಟಿ ತಿಂಗಳಿನಲ್ಲಿ ತಾಯಿಮನೆಗೆ ಹೋಗಿ ಕುಳಿತುಕೊಳ್ಳುವುದು ನಮ್ಮ ಕಡೆಯ ಕ್ರಮ. ತಾಯಿಮನೆಯವರೇ ಬಂದು ಕರೆದುಕೊಂಡು ಹೋಗಬೇಕು. ಮೊದಲ ವರ್ಷ ಅವಳ ಅಣ್ಣ ಗುರುವಪ್ಪ ಬಂದ, ಕರೆದುಕೊಂಡು ಹೋದ. ಎರಡನೆಯ ವರ್ಷ ಬಂದಾಗ ಸೇಸಮ್ಮ ಜಗಲಿಯಲ್ಲಿ ಕುಳಿತೇ ಹೇಳಿದಳು:

"ಆಟಿಗೆ ಕೂರುವುದು ಹೊಸ ಮದುಮಗಳು. ಇವಳು ಇನ್ನೂ ಹೊಸಬಳಾ ಮಗ? ನನ್ನ ಸೊಂಟ ನೋಡು, ಬಗ್ಗಲಿಕ್ಕೆ ಆಗುವುದಿಲ್ಲ. ಹಟ್ಟಿಯಲ್ಲಿ ಕರೆಯುವ ದನ ಉಂಟು. ನೀನೇ ಹೇಳು, ಕಳಿಸುವುದು ಹೇಗೆ?"

ಗುರುವಪ್ಪ ಏನು ಹೇಳಿಯಾನು? ಅವರು ಕೊಟ್ಟ ಹಲಸಿನ ಹಣ್ಣು ಹೊತ್ತುಕೊಂಡು ಹೋದ. ಮರುವರ್ಷ ದನ ಕರು ಹಾಕಿತ್ತು. ಅದರ ಮರುವರ್ಷ ನೇಜಿ ನೆಡಲು ಆಳು ಸಿಗಲಿಲ್ಲ. ಮತ್ತೆ ಸೊಂಟ. ಆ ಸೊಂಟ ಮಂಗಳೂರಿನ ಮಾತು ಬಂದಾಗ ಮಾತ್ರ ನೋಯುತ್ತಿತ್ತು. ಗೇರುಬೀಜ ಹೆಕ್ಕಲು ಸೇಸಮ್ಮ ಗುಡ್ಡೆ ಇಡೀ ಬಗ್ಗುತ್ತಿದ್ದಳು. ಬೇಲಿಯ ಈಚೆಯಿಂದ ನಾನು ನೋಡಿದ್ದೇನೆ.

ಪದ್ಮಾಕ್ಷಿಯ ತಾಯಿ ಅಮ್ಮಣಿ ಬೋಳಾರದ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದವರು. ಮೊದಮೊದಲು ಯಾವುದಾದರೂ ಒಂದು ಭಾನುವಾರ ಬಂದು ಮಗಳನ್ನು ನೋಡಿ ಹೋಗುತ್ತಿದ್ದರು. ಆಮೇಲೆ ಅವರ ಕಾಲು ಬಾತುಕೊಂಡಿತು. ಅಲ್ಲಿಗೆ ಅದೂ ನಿಂತಿತು.

ಮಧ್ಯಾಹ್ನ ಊಟವಾದ ಮೇಲೆ ಪದ್ಮಾಕ್ಷಿ ನನ್ನ ಜಗಲಿಗೆ ಬೀಡಿ ಕಟ್ಟಲು ಬರುತ್ತಿದ್ದಳು. ಗೆರಸೆ ಮಡಿಲಿಗೆ ಬಂದರೆ ಸಾಕು, ಕೈ ಎಲೆಯಲ್ಲಿ, ಬಾಯಿ ಮಂಗಳೂರಿನಲ್ಲಿ.

"ಎಲ್ಲರೂ ಕದ್ರಿಗುಡ್ಡೆ ಅಂತಾರೆ, ಬಾವುಟಗುಡ್ಡೆ ಅಂತಾರೆ. ಅದೆಲ್ಲ ನೆಂಟರಿಗೆ ತೋರಿಸ್ಲಿಕ್ಕೆ ಕಾವೇರಕ್ಕ. ನನ್ನ ಜಾಗ ಬೇರೆ ಉಂಟು. ಮಳೆಗಾಲದಲ್ಲಿ ಹಂಚು ಸುಡುವ ಒಲೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ಹೊರಗೆ ಮಳೆ ಜೋರು, ಒಳಗೆ ನಾವು ಬೆಚ್ಚಗೆ. ಅಮ್ಮ ಕೆಲಸ ಬಿಡುವವರೆಗೆ ನಾನು ಅಲ್ಲೇ ಇದ್ದದ್ದು. ಬಟ್ಟೆಯೂ ಒಣಗ್ತದೆ, ನಾವೂ ಒಣಗ್ತೇವೆ."

"ಒಣಗಿದ್ದು ಸಾಕು, ಎಲೆ ಕತ್ತರಿಸು."

"ಆಮೇಲೆ ದೋಣಿ ತಂಗುವ ದಕ್ಕೆ. ದ್ವೀಪದಿಂದ ದೊಡ್ಡ ಮಂಜಿದೋಣಿ ಬರುವ ಹೊತ್ತಿಗೆ ಹೋಗಬೇಕು. ಹಾಯಿ ಇಳಿಸ್ತಾರೆ, ತೆಂಗಿನಕಾಯಿ, ಹುರಿಹಗ್ಗ, ಒಣಮೀನು. ಆ ವಾಸನೆ ಒಂದು..."

"ಒಣಮೀನಿನ ವಾಸನೆಗೆ ಅಷ್ಟು ದೂರ ಯಾಕೆ ಮಾರಾಯ್ತಿ? ನಮ್ಮ ಅಟ್ಟದಲ್ಲಿ ಉಂಟು."

"ಹೋಗಿ, ನಿಮಗೆ ಗೊತ್ತಾಗುವುದಿಲ್ಲ. ನಿಮ್ಮ ಪಾಣೆಮಂಗಳೂರಲ್ಲಿ ಎಂಥ ಉಂಟು? ಒಂದು ಸೇತುವೆ. ಅದೂ ನಮ್ಮೂರಿಗೆ ಹೋಗ್ಲಿಕ್ಕೆ ಇರುವುದು."

ಎಲ್ಲಕ್ಕಿಂತ ಹೆಚ್ಚು ಅವಳು ಹೇಳುತ್ತಿದ್ದದ್ದು ಬೆಂಗ್ರೆಯ ವಿಷಯ. ದಕ್ಕೆಯಿಂದ ದೋಣಿಯಲ್ಲಿ ದಾಟಿದರೆ ಸಿಗುವ ಮರಳಿನ ಪಟ್ಟಿ. ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ. ನಡುವೆ ನಿಂತರೆ ಎರಡೂ ಕೇಳುತ್ತದಂತೆ.

ಅರವತ್ತೊಂದನೆಯ ಇಸವಿಯ ಬೇಸಗೆಯ ಸುರುವಿಗೆ ಗುರುವಪ್ಪ ಬಂದು, ಅಮ್ಮ ಹಾಸಿಗೆ ಹಿಡಿದಿದ್ದಾರೆ, ಮಗಳನ್ನು ಕೇಳುತ್ತಿದ್ದಾರೆ ಎಂದು ಹೇಳಿ ಹೋದ. ಪದ್ಮಾಕ್ಷಿ ಅದೇ ಸಂಜೆ ಅತ್ತೆಯ ಹತ್ತಿರ ಹೋದಳು. ನಾನು ಮಜ್ಜಿಗೆ ಕೇಳಲು ಹೋದವಳು ಅಲ್ಲೇ ಇದ್ದೆ.

"ಮಾಮಿ, ನಾಳೆ ಹೋಗಿ ಎರಡು ದಿನ ಇದ್ದು ಬರ್ತೇನೆ."

"ಹೋಗು. ಬೇಡ ಅಂತ ಯಾರು ಹೇಳಿದ್ದು? ಆದರೆ ಈಗ ಅಲ್ಲ. ಮನೆಯ ದೈವಕ್ಕೆ ನೇಮ ಕೊಡುವುದು ಅಂತ ಆಗಿದೆ, ಗೊತ್ತುಂಟಲ್ಲ? ನೇಮ ಒಂದು ಮುಗಿಯಲಿ. ಆಮೇಲೆ ಒಂದು ತಿಂಗಳು ಇದ್ದು ಬಾ."

"ಅಮ್ಮ ತುಂಬಾ ಬಚ್ಚಿದ್ದಾರಂತೆ ಮಾಮಿ, ಎದ್ದು ಕೂರ್ಲಿಕ್ಕೂ ಶಕ್ತಿ ಇಲ್ಲವಂತೆ."

"ಮುದುಕರಿಗೆ ಬಚ್ಚದೆ ಮತ್ತೆ? ನನಗೆ ಬಚ್ಚುವುದಿಲ್ಲವಾ?"

ಧರ್ಣಪ್ಪ ಬಾಗಿಲಲ್ಲಿ ನಿಂತು ಕಿವಿ ತುರಿಸಿಕೊಳ್ಳುತ್ತಿದ್ದ.

ಪದ್ಮಾಕ್ಷಿ ನಂಬಿದಳು. ಅಮ್ಮನ ಮುಖ ಒಮ್ಮೆ ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ನೇಮದ ಮರುದಿನ ಮೊದಲ ಬಸ್ಸಿಗೆ ಹೊರಡುವುದು ಎಂದು ಅವಳೇ ನಿಶ್ಚಯ ಮಾಡಿದಳು. "ನೀವೂ ಬನ್ನಿ ಕಾವೇರಕ್ಕ, ಮಂಗಳೂರು ತೋರಿಸ್ತೇನೆ" ಎಂದು ನನಗೂ ಹೇಳಿದಳು. ನನ್ನ ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಹೋಗಬೇಡ ಎನ್ನುವವರು ನನಗೆ ಯಾರೂ ಉಳಿದಿರಲಿಲ್ಲ. ಆಯಿತು ಎಂದೆ.

ನೇಮವೆಂದರೆ ಮನೆಯ ದೈವದ ಉತ್ಸವ. ಅದಕ್ಕೆ ಎರಡು ವಾರ ಇರುವಾಗ ಗೊನೆ ಕಡಿದರು. ದೈವದ ಹೆಸರಿನಲ್ಲಿ ಬಾಳೆಗೊನೆ ಕಡಿದ ಮೇಲೆ ಆ ಮನೆಯಲ್ಲಿ ಸೂತಕ ಇರಕೂಡದು. ನಮ್ಮದು ಅಳಿಯಕಟ್ಟು. ಹೆಣ್ಣು ಮದುವೆಯಾಗಿ ಎಲ್ಲಿಗೆ ಹೋದರೂ ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ ಸೇರಿದವಳು. ತಾಯಿಮನೆಯಲ್ಲಿ ಸಾವಾದರೆ ಸೂತಕ ಅವಳಿಗೆ, ಗಂಡನಿಗಿಲ್ಲ. ಅವಳು ಅಡಿಗೆಮನೆ ಬಿಟ್ಟು ಹೊರಗಾಗಬೇಕು, ತಾಯಿಮನೆಗೆ ಹೋಗಬೇಕು. ಆ ಸೂತಕ ಸುದ್ದಿ ಕಿವಿಗೆ ಬಿದ್ದ ದಿನದಿಂದ. ಬೀಳುವವರೆಗೆ ಇಲ್ಲ. ದೂರದಲ್ಲಿ ಇರುವವರಿಗಾಗಿ, ತಿಳಿಯದೆ ಉಂಡವರಿಗೆ ದೋಷ ಬಾರದಿರಲಿ ಎಂದು ಹಿರಿಯರು ಮಾಡಿಟ್ಟ ಕ್ರಮ ಅದು. ಅದನ್ನು ಈ ತಾಯಿ ಮಗ ಯಾವುದಕ್ಕೆ ಉಪಯೋಗಿಸಿದರು ಎಂದು ಹೇಳುತ್ತೇನೆ.

ಆ ಎರಡು ವಾರ ಪದ್ಮಾಕ್ಷಿ ಎತ್ತಿನ ಹಾಗೆ ದುಡಿದಳು. ಭತ್ತ ಬೇಯಿಸಿದಳು, ಕುಟ್ಟಿದಳು, ಅಂಗಳಕ್ಕೆ ಸೆಗಣಿ ಸಾರಿಸಿದಳು, ಬಂದ ನೆಂಟರಿಗೆ ಬಡಿಸಿದಳು. ನೇಮದ ದಿನ ಊರಿಗೆಲ್ಲ ಊಟ. ದೊಡ್ಡ ಚರಿಗೆಯಲ್ಲಿ ಕಡಲೆಬೇಳೆ ಪಾಯಸ ಅವಳ ಕೈಯದ್ದೇ. ಹಗ್ಗದ ಮಂಚದಲ್ಲಿ ಕೂತು ವೀಳ್ಯ ಜಗಿಯುತ್ತಿದ್ದ ಸೇಸಮ್ಮ, "ನಮ್ಮ ಪದ್ದು ಇದ್ದರೆ ನನಗೆ ಎಂಥ ಚಿಂತೆಯೂ ಇಲ್ಲ" ಎಂದು ನೆಂಟರ ಎದುರು ಹೊಗಳಿದಳು. ಹೊಗಳುವಾಗ ಅವಳ ಮುಖ ಸ್ವಲ್ಪವೂ ಕೆಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಚಾಹುಡಿಗೆ ಸೇತುವೆಯ ಹತ್ತಿರ ಮಹಮ್ಮದ್ ಕುಂಞಿ ಬ್ಯಾರಿಗಳ ಅಂಗಡಿಗೆ ಹೋದೆ. ಚಾಹುಡಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಅಕ್ಕ, ನೇಮ ಮುಗಿಯಿತಾ?"

"ಮುಗಿಯಿತು."

"ಹಾಗಾದರೆ ನಾನು ಕೊಟ್ಟ ಮಾತೂ ಮುಗಿಯಿತು. ಇನ್ನು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಅವರು ಹೇಳಿದ್ದು ಇಷ್ಟು. ಗೊನೆ ಕಡಿದ ಮರುದಿನ ಗುರುವಪ್ಪ ಮೊದಲ ಬಸ್ಸಿಗೆ ಬಂದು ಅದೇ ಅಂಗಡಿಯ ಬೆಂಚಿನಲ್ಲಿ ಕುಳಿತು ಅತ್ತಿದ್ದ. ರಾತ್ರಿ ಅಮ್ಮ ಹೋಗಿದ್ದರು. ಸೂತಕದವನು ನೇಮದ ಮನೆಯ ಅಂಗಳಕ್ಕೆ ಹೋಗುವ ಹಾಗಿಲ್ಲ, ತಂಗಿಯನ್ನು ಯಾರಾದರೂ ಕರೆದುಕೊಂಡು ಬನ್ನಿ ಎಂದಿದ್ದ. ಅಷ್ಟರಲ್ಲಿ ಸಾಮಾನಿಗೆ ಬಂದ ಧರ್ಣಪ್ಪ ಅವನ ಬೆನ್ನು ತಟ್ಟಿ, "ನೀವು ಹೋಗಿ ಬಾವ, ಮಾಡುವ ಕೆಲಸ ತುಂಬಾ ಉಂಟು. ಮಧ್ಯಾಹ್ನದ ಬಸ್ಸಿಗೆ ನಾನೇ ಅವಳನ್ನು ಕರಕೊಂಡು ಬರ್ತೇನೆ" ಎಂದ. ಗುರುವಪ್ಪನ ಬಸ್ಸು ಹೋಯಿತು. ಧರ್ಣಪ್ಪ ಮನೆಗೆ ಹೋಗಿ ತಾಯಿಯ ಹತ್ತಿರ ಮಾತಾಡಿ ಮತ್ತೆ ಅಂಗಡಿಗೆ ಬಂದ.

"ಬಂದು ಎಂಥ ಹೇಳಿದ ಗೊತ್ತುಂಟಾ ಅಕ್ಕ? 'ಬ್ಯಾರಿಗಳೇ, ನೀವು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಹೊರಗಾದರೆ ಊರಿನವರಿಗೆ ಅಡಿಗೆ ಯಾರು ಮಾಡುವುದು? ಕೇಳಿದ ದಿನದಿಂದ ಅಲ್ಲವಾ ಸೂತಕ? ನೇಮ ಆದ ಮೇಲೆ ಕೇಳ್ತಾಳೆ' ಅಂತ. ನಿಮ್ಮ ಕ್ರಮ ನನಗೆ ಗೊತ್ತಿಲ್ಲ. ನಮ್ಮಲ್ಲಿ ಮಯ್ಯತ್ ಆದರೆ ಹೊಳೆ ಈಜಿಯಾದರೂ ಹೇಳ್ತಾರೆ."

"ಮತ್ತೆ ನೀವು ಯಾಕೆ ಹೇಳಲಿಲ್ಲ?" ನಾನು ಅವರ ಮೇಲೂ ಹಾರಿದೆ.

"ನಾನು ಹೇಳಿದರೆ ನಾಳೆ ಊರಿನಲ್ಲಿ ಎಂಥ ಮಾತು ಹೇಳಿ? ಬ್ಯಾರಿ ನೇಮ ಕೆಡಿಸಿದ ಅಂತ. ಅಂಗಡಿ ಇಲ್ಲಿ ಉಂಟು ಅಕ್ಕ, ಮಕ್ಕಳೂ ಇಲ್ಲಿಯೇ."

ಚಾಹುಡಿಯನ್ನು ಅಲ್ಲೇ ಬಿಟ್ಟು ಬಂದೆ.

ಪದ್ಮಾಕ್ಷಿ ಹಿತ್ತಿಲಲ್ಲಿ ಪಾಯಸದ ಚರಿಗೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಮಧ್ಯಾಹ್ನದ ಬಸ್ಸಿಗಾದರೂ ಹೊರಡಬೇಕೆಂದು ಅವಸರ ಮಾಡುತ್ತಿದ್ದಳು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಪದ್ದು, ನಿನ್ನ ಅಮ್ಮ ಹೋಗಿದ್ದಾರೆ. ಗೊನೆ ಕಡಿದ ಮರುದಿನವೇ ಸುದ್ದಿ ಬಂದಿತ್ತು. ಇವರು ನಿನಗೆ ಹೇಳಲಿಲ್ಲ" ಎಂದೆ.

ಅವಳ ಕೈಯಲ್ಲಿದ್ದ ತೆಂಗಿನ ಸಿಪ್ಪೆ ನಿಂತಿತು.

"ಹಾಗಾದರೆ ಬೊಜ್ಜ? ಅಮ್ಮನ ಕೊನೆಯ ಕ್ರಿಯೆ?"

"ಲೆಕ್ಕ ಹಾಕಿದರೆ ನಿನ್ನೆಯೇ ಆಗಿರಬೇಕು."

"ನಿನ್ನೆ ನಾನು ಪಾಯಸದ ರುಚಿ ನೋಡಿದೆ, ಕಾವೇರಕ್ಕ. ಬೆಲ್ಲ ಕಡಿಮೆ ಅಂತ ಮತ್ತೆ ಹಾಕಿದೆ."

ನನ್ನ ಸ್ವರ ಕೇಳಿ ಸೇಸಮ್ಮ ಹೊರಗೆ ಬಂದಳು. ವಿಷಯ ಗೊತ್ತಾದ ಕೂಡಲೇ ಅವಳು ಮಾಡಿದ್ದೇನು? ಅತ್ತಳಾ? ಸೊಸೆಯ ತಲೆ ಸವರಿದಳಾ? ಹಾವು ಕಂಡವರ ಹಾಗೆ ಹಿಂದಕ್ಕೆ ಹಾರಿದಳು.

"ಯಾರು ಹೇಳಿದ್ದು ಇವಳಿಗೆ? ನಾಳೆ ಹೇಳುವ ಅಂತ ಇದ್ದೆವು! ಚರಿಗೆ ಮುಟ್ಟಬೇಡ, ಬಿಡು, ಹೊರಗೆ ಹೋಗು! ದೈವದ ಭಂಡಾರ ಇನ್ನೂ ಒಳಗೆ ಉಂಟು!"

ಎರಡು ವಾರ ಆ ಕೈಯ ಅಡಿಗೆಯನ್ನು ಗೊತ್ತಿದ್ದೂ ಉಂಡ ಬಾಯಿ ಅದು. ನಾನು ಅಂಗಳದಲ್ಲಿ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಉಳಿದಿದ್ದ ನೆಂಟರೆಲ್ಲ ಹೊರಗೆ ಬಂದು ಕೇಳಿದರು. ಧರ್ಣಪ್ಪ ಬಂದು, "ಇದು ನಮ್ಮ ಮನೆಯ ವಿಷಯ, ಕಾವೇರಕ್ಕ. ನೀವು ಬಾಯಿ ಹಾಕಬೇಡಿ" ಎಂದ.

"ನಿನ್ನ ಮನೆಯದ್ದಾ? ಸತ್ತದ್ದು ಅವಳ ತಾಯಿ. ನಿನಗೆ ಸೂತಕವೂ ಇಲ್ಲ. ಅದು ನಿನ್ನ ವಿಷಯ ಹೇಗೆ ಆಯಿತು ಹೇಳು!"

ಪದ್ಮಾಕ್ಷಿ ಉಟ್ಟ ಸೀರೆಯಲ್ಲೇ ಹೊರಟಳು. ಬೂದಿಯ ಕೈಯನ್ನು ದಾರಿಯಲ್ಲಿ ಹುಲ್ಲಿಗೆ ಒರೆಸಿದಳು. ನಾನು ಮನೆಗೆ ಬೀಗ ಹಾಕಿ ಹಿಂದೆ ಓಡಿದೆ.

ಬೋಳಾರದ ಮನೆ ಹೊಳೆಯ ಬದಿಗೆ, ಹಂಚಿನ ಸಣ್ಣ ಮನೆ. ಅಂಗಳದಲ್ಲಿ ಹಿಂದಿನ ದಿನದ ಚಪ್ಪರ ಇನ್ನೂ ಇತ್ತು. ಗುರುವಪ್ಪ ಜಗಲಿಯಲ್ಲಿ ಕುಳಿತಿದ್ದವನು ಎದ್ದೇಳಲಿಲ್ಲ.

"ಈಗ ಬಂದೆಯಾ? ನೇಮದ ಊಟ ಗಮ್ಮತ್ತಾಯಿತಾ?"

"ಅಣ್ಣ, ನನಗೆ ಇವತ್ತು ಗೊತ್ತಾದದ್ದು."

"ಸುಳ್ಳು ಹೇಳಬೇಡ. ಮಧ್ಯಾಹ್ನ ಕರಕೊಂಡು ಬರ್ತೇನೆ ಅಂತ ಧರ್ಣಪ್ಪ ಬಾವ ಹೇಳಿದ್ದರು. ಸಂಜೆಯವರೆಗೆ ಅಮ್ಮನನ್ನು ಅಂಗಳದಲ್ಲಿ ಮಲಗಿಸಿ ನಿನ್ನ ದಾರಿ ಕಾದಿದ್ದೇವೆ. ಪ್ರತಿ ಬಸ್ಸಿಗೂ ಒಬ್ಬರು ಹಂಪನಕಟ್ಟೆಗೆ ಹೋಗಿ ನೋಡಿದ್ದಾರೆ."

ನಾನು ಮುಂದೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಗುರುವಪ್ಪನ ಮುಖ ಕಪ್ಪಾಯಿತು. ಕತ್ತಿ ತೆಗೆಯುತ್ತೇನೆ, ಕಡಿದು ಹೊಳೆಗೆ ಹಾಕುತ್ತೇನೆ ಎಂದು ಕೂಗಾಡಿದ. ಆಗ ಅವನ ಹೆಂಡತಿ ಲೋಲಾಕ್ಷಿ ಬಾಗಿಲಿಗೆ ಬಂದಳು. ಅವಳಿಗೆ ಬೇರೆಯೇ ಲೆಕ್ಕ.

"ಇವತ್ತು ಕೇಳಿದ್ದಾ ಪದ್ದು? ಹಾಗಾದರೆ ಒಳಗೆ ಬರಬೇಡ. ಇಲ್ಲಿ ನಿನ್ನೆ ಬೊಜ್ಜ ಆಯಿತು, ಮನೆ ಶುದ್ಧವಾಯಿತು. ನಿನ್ನದು ಇವತ್ತಿನಿಂದ. ಬೊಜ್ಜದ ಮೇಲೆ ಕೇಳಿದವರಿಗೆ ಮೂರು ದಿನ ಅಂತ ಹಿರಿಯರು ಹೇಳ್ತಾರೆ. ನೀನು ಹೊಸಿಲು ದಾಟಿದರೆ ನಮಗೆಲ್ಲ ಮತ್ತೆ ಮೊದಲಿನಿಂದ."

"ನಾನು ಅಮ್ಮನ ಕೋಣೆ ನೋಡಬೇಕು ಅತ್ತಿಗೆ. ಒಮ್ಮೆ ನೋಡಿ ಬರ್ತೇನೆ."

"ಮೂರು ದಿನ ಆದ ಮೇಲೆ ನೋಡು. ಕೋಣೆ ಎಲ್ಲಿಗೂ ಹೋಗುವುದಿಲ್ಲ."

ಗಂಡನ ಮನೆಯಲ್ಲಿ ಸೂತಕ ಬರಬಾರದೆಂದು ಹೇಳದೆ ಇಟ್ಟರು. ತಾಯಿಮನೆಯಲ್ಲಿ ಸೂತಕ ಮುಗಿಯಿತೆಂದು ಒಳಗೆ ಬಿಡಲಿಲ್ಲ. ನಾನು ಗುರುವಪ್ಪನನ್ನು ನೋಡಿದೆ. ಕಡಿಯುತ್ತೇನೆ ಎಂದು ಕೂಗಿದವನು ಹೆಂಡತಿಯ ಮಾತಿಗೆ ತಲೆ ತಗ್ಗಿಸಿ ಕುಳಿತಿದ್ದ. ಕೂಗಲು ಗಂಟಲು ಉಂಟು, ತಂಗಿಗೆ ಬಾಗಿಲು ತೆಗೆಯಲು ಕೈ ಇಲ್ಲ. ಹಾಗೆಯೇ ಅವನಿಗೆ ಹೇಳಿದೆ. ಲೋಲಾಕ್ಷಿ ಸೌದೆ ಕೊಟ್ಟಿಗೆಯಲ್ಲಿ ಎರಡು ಚಾಪೆ ಹಾಕಿದಳು. ಬಾಳೆಲೆಯಲ್ಲಿ ಅನ್ನ ತಂದು ದೂರದಲ್ಲಿ ಇಟ್ಟು ಹೋದಳು. ಪದ್ಮಾಕ್ಷಿ ಮುಟ್ಟಲಿಲ್ಲ. ಕಾಗೆಗಳು ತಿಂದವು.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿದಳು.

"ಏಳಿ, ಮಂಗಳೂರು ತೋರಿಸ್ತೇನೆ ಹೇಳಿದ್ದೆನಲ್ಲ."

"ಈಗಲಾ?"

"ಮತ್ತೆ ಯಾವಾಗ? ಮನೆಯೊಳಗೆ ಬಿಡದಿದ್ದರೆ ಬೇಡ. ಬೀದಿಯಲ್ಲಿ ನಡೀಲಿಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ?"

ಹಾಗೆ ನಾನು ಮಂಗಳೂರು ನೋಡಿದ್ದು. ಮಂಗಳಾದೇವಿಯ ದೇವಸ್ಥಾನದ ಎದುರು ಬಂದಾಗ ಅವಳು ರಸ್ತೆಯ ಆಚೆ ಬದಿಗೆ ದಾಟಿದಳು. "ಇಲ್ಲಿ ಒಳಗೆ ಹೋಗುವ ಹಾಗಿಲ್ಲ. ನೀವು ಹೋಗಿ ಬನ್ನಿ" ಎಂದಳು. ನಾನು ಹೋಗಲಿಲ್ಲ. ಗುಜ್ಜರಕೆರೆಯಲ್ಲಿ ಮೆಟ್ಟಿಲಿನ ಮೇಲೆಯೇ ನಿಂತು, ತಾನು ಈಜು ಕಲಿತ ಮೂಲೆ ಯಾವುದು, ಅಮ್ಮ ಕೋಲು ಹಿಡಿದು ನಿಲ್ಲುತ್ತಿದ್ದ ಕಲ್ಲು ಯಾವುದು ಎಂದು ಬೆರಳು ತೋರಿಸಿದಳು. ನೀರು ಮುಟ್ಟಲಿಲ್ಲ. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಯಾರದು, ಅಮ್ಮಣಿಯ ಮಗಳಾ?" ಎಂದು ಕೇಳಿದ್ದೇ ತಡ, ನನ್ನ ಕೈ ಹಿಡಿದು ದರದರ ಎಳೆದುಕೊಂಡು ನಡೆದಳು.

ಕಾರ್ಖಾನೆಯ ಕಾವಲಿನವನು ಗುರುತು ಹಿಡಿದು ಒಳಗೆ ಬಿಟ್ಟ. ಒಲೆಯ ಹಿಂದಿನ ಆ ಗೋಡೆ ನಿಜವಾಗಿಯೂ ಇತ್ತು. ಆದರೆ ಅದು ಮಳೆಗಾಲವಲ್ಲ, ಸುಡುವ ಬೇಸಗೆ. ಅವಳು ಗೋಡೆಗೆ ಬೆನ್ನು ಕೊಟ್ಟು ಕುಳಿತೇಬಿಟ್ಟಳು. ಬೆವರು ಮುಖದಿಂದ ಇಳಿದು ರವಕೆ ಒದ್ದೆಯಾಯಿತು. "ಏಳು ಮಾರಾಯ್ತಿ, ಬೆಂದು ಹೋಗ್ತೀ" ಎಂದು ನಾನು ಬೈದೆ. ಹಂಚು ಹೊರುವ ಹೆಂಗಸರು ಸಾಲಾಗಿ ಎದುರಿನಿಂದ ಹೋಗಿ ಬರುತ್ತಿದ್ದರು. ಸಾಲಿನಲ್ಲಿ ಯಾರನ್ನೋ ಹುಡುಕುವ ಹಾಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಾರ್ಖಾನೆಯ ಕೂಗು ಆಗುವವರೆಗೆ ಏಳಲಿಲ್ಲ.

ಹಂಪನಕಟ್ಟೆಯ ಇಳಿಜಾರಿನಲ್ಲಿ ಗೋಳಿಬಜೆಯ ಹೋಟೆಲಿಗೆ ಕರೆದುಕೊಂಡು ಹೋಗಿ, ತಾನು ಹೊರಗೆ ನಿಂತು, ನನ್ನನ್ನು ಒಳಗೆ ಕೂರಿಸಿದಳು. ಬಿಸಿ ಗೋಳಿಬಜೆಯನ್ನು ಎಲೆಯಲ್ಲೇ ಬಿಟ್ಟು ನಾನು ಎದ್ದು ಬಂದೆ. ದಕ್ಕೆಯಲ್ಲಿ ಮಂಜಿ ಬಂದಿತ್ತು. ಮೂಟೆ ಹೊತ್ತವನೊಬ್ಬ ನನಗೆ ಡಿಕ್ಕಿ ಹೊಡೆದದ್ದಕ್ಕೆ ಅವಳು, "ಕಣ್ಣು ಬೆನ್ನಲ್ಲಿ ಉಂಟಾ ನಿನಗೆ?" ಎಂದು ಇಡೀ ದಕ್ಕೆ ತಿರುಗಿ ನೋಡುವ ಹಾಗೆ ಕೂಗಿದಳು. ಅವನು ಪಾಪ, ಮೂಟೆಯ ಕೆಳಗಿನಿಂದಲೇ, "ತಪ್ಪಾಯ್ತು ಅಕ್ಕ, ಕೊಲ್ಲಬೇಡಿ" ಎಂದ.

ಮೂರನೆಯ ದಿನ ಬೆಂಗ್ರೆಗೆ ದಾಟಿದೆವು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಒಂದು ಕಿವಿಗೆ ಹೊಳೆ, ಇನ್ನೊಂದಕ್ಕೆ ಸಮುದ್ರ. ಸೂತಕ ಕಳೆಯಲು ಅಲ್ಲಿ ಉಪ್ಪುನೀರಿನಲ್ಲಿ ಮುಳುಗಿ ಎದ್ದಳು. ಎದ್ದವಳು ಸೊಂಟದವರೆಗಿನ ನೀರಿನಲ್ಲಿ ನಿಂತು ಬೈಯಲು ಸುರುಮಾಡಿದಳು. ಸೇಸಮ್ಮನನ್ನು, ಧರ್ಣಪ್ಪನನ್ನು, ಒಂದು ಮಾತಿಗೆ ನಂಬಿ ಬಸ್ಸು ಹತ್ತಿದ ಅಣ್ಣನನ್ನು, ಬಾಗಿಲಿಗೆ ಅಡ್ಡ ನಿಂತ ಅತ್ತಿಗೆಯನ್ನು. ತುಳುವಿನಲ್ಲಿ ಇರುವ ಬೈಗುಳಗಳಲ್ಲಿ ಬರೆಯಬಾರದ್ದೇ ಹೆಚ್ಚು, ಅವೆಲ್ಲ ಬಂದವು. ನಾನು ತಡೆಯಲಿಲ್ಲ. ಅವಳ ಸ್ವರ ಬಿದ್ದುಹೋದ ಮೇಲೆ, "ದೈವವನ್ನೂ ಬೈದುಬಿಡು, ಅದಕ್ಕಾಗಿಯೇ ಅಲ್ಲವಾ ಇವರು ಮಾಡಿದ್ದು?" ಎಂದೆ.

"ದೈವ ಎಂಥ ಮಾಡಿತು ಕಾವೇರಕ್ಕ? ಅದಕ್ಕೂ ಇವರು ಹೇಳಿದ್ದು ಸುಳ್ಳೇ."

ಆ ಸಂಜೆ ಲೋಲಾಕ್ಷಿ ಬಾಗಿಲು ಬಿಟ್ಟಳು. ಅಮ್ಮನ ಕೋಣೆಯಲ್ಲಿ ಚಾಪೆ ಇರಲಿಲ್ಲ, ಬಟ್ಟೆ ಇರಲಿಲ್ಲ, ಎಲ್ಲ ಬೊಜ್ಜದಲ್ಲಿ ಹೋಗಿತ್ತು. ಹಂಚು ಹೊರುವ ಸಿಂಬಿ ಒಂದು ಗೋಡೆಯ ಮೊಳೆಯಲ್ಲಿ ಉಳಿದಿತ್ತು. ಅಳಿಯಕಟ್ಟಿನಲ್ಲಿ ತಾಯಿಯ ಮನೆ ಮಗಳಿಗೂ ಸೇರಿದ್ದು. "ಈ ಕೋಣೆ ಇನ್ನು ನನ್ನದು. ನಾನು ಹಿಂದೆ ಹೋಗುವುದಿಲ್ಲ" ಎಂದು ಅಣ್ಣನಿಗೆ ಹೇಳಿದಳು. ಅವನು ಇಲ್ಲವೆನ್ನಲಿಲ್ಲ, ಎನ್ನುವ ಮುಖವೂ ಅವನಿಗಿರಲಿಲ್ಲ. ಸೋಮವಾರ ಆ ಸಿಂಬಿ ತಲೆಯ ಮೇಲಿಟ್ಟುಕೊಂಡು ಹಂಚಿನ ಸಾಲಿನಲ್ಲಿ ನಿಂತಳು.

ಆಮೇಲೆ ಐದು ವರ್ಷ ಅವಳು ಹಂಚು ಹೊತ್ತಳು. ವರ್ಷಕ್ಕೆ ಒಂದೆರಡು ಸಲ ನಾನು ಹೋಗುತ್ತಿದ್ದೆ. ಪ್ರತಿ ಸಲ ಒಂದು ಹೊಸ ಜಾಗ ತೋರಿಸುತ್ತಿದ್ದಳು. ಒಮ್ಮೆ ಹೊಯಿಗೆಬಜಾರಿನಲ್ಲಿ ಬಲೆ ನೇಯುವ ಮನೆಗಳು. ಒಮ್ಮೆ ಉಳ್ಳಾಲದ ರೈಲು ಸೇತುವೆ. ಹಂಚಿನ ಧೂಳಿಗೆ ಅವಳಿಗೆ ಕೆಮ್ಮು ಹತ್ತಿತ್ತು. ದಪ್ಪಗಾಗಿದ್ದಳೆಂದಾಗಲಿ ಸುಖವಾಗಿದ್ದಳೆಂದಾಗಲಿ ಹೇಳಲಾರೆ. ಯಾರಿಗೂ ತಗ್ಗುತ್ತಿರಲಿಲ್ಲ, ಅಷ್ಟು ಹೇಳಬಲ್ಲೆ. ಧರ್ಣಪ್ಪ ಆ ಐದು ವರ್ಷದಲ್ಲಿ ಹೊಗೆಸೊಪ್ಪಿಗೆಂದು ಎಷ್ಟು ಸಲ ಮಂಗಳೂರಿಗೆ ಹೋದನೋ. ಬೋಳಾರದ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

ಅರವತ್ತಾರರ ಬೇಸಗೆಯಲ್ಲಿ ಸೇಸಮ್ಮ ಸತ್ತಳು. ಬೊಜ್ಜ ಕಳೆದ ಮೇಲೆ ಧರ್ಣಪ್ಪ ನನ್ನ ಅಂಗಳಕ್ಕೆ ಬಂದ. ಐದು ವರ್ಷದಲ್ಲಿ ಮೊದಲ ಸಲ. ಒಂದು ಮಾತು ಪದ್ಮಾಕ್ಷಿಗೆ ಮುಟ್ಟಿಸಬೇಕು ಎಂದ. ಸುದ್ದಿಯನ್ನು ಕಟ್ಟಿಡುವುದು ನನಗೆ ಅಭ್ಯಾಸವಿಲ್ಲ. ಮರುದಿನವೇ, ಭಾನುವಾರ, ಮೊದಲ ಬಸ್ಸಿಗೆ ಹೋದೆ.

ಅದು ನಾನು ಅವಳನ್ನು ಕೊನೆಯ ಸಲ ನೋಡಿದ್ದು. ಆ ಮಳೆಗಾಲ ಕಳೆಯುವ ಮೊದಲೇ ಕೆಮ್ಮಿನಲ್ಲಿ ಹೋದಳು.

ದಕ್ಕೆಯಲ್ಲಿ ಹುರಿಹಗ್ಗದ ಕಟ್ಟಿನ ಮೇಲೆ ಕುಳಿತಿದ್ದೆವು. ಅವಳ ಕೂದಲಿನಲ್ಲಿ ಕೆಂಪು ಧೂಳು ಇತ್ತು. ಧರ್ಣಪ್ಪ ಹೇಳಿದ್ದನ್ನು ಕೂಡಿಸದೆ, ಕಳೆಯದೆ, ಅವನ ಬಾಯಲ್ಲಿ ಬಂದ ಹಾಗೆಯೇ ಹೇಳಿದೆ:

"'ಅಮ್ಮ ಹೋದರು ಅಂತ ಹೇಳಿ. ಮನೆಯಲ್ಲಿ ಹೆಂಗಸರಿಲ್ಲ, ದನ ಕರೆಯಲಿಕ್ಕೆ ಜನ ಇಲ್ಲ, ನಾನೇ ಗಂಜಿ ಬೇಯಿಸಿ ಉಣ್ಣುವುದು. ಹಳೆಯದ್ದನ್ನು ನಾನು ಮನಸ್ಸಲ್ಲಿ ಇಟ್ಟುಕೊಂಡಿಲ್ಲ. ಅವಳು ಬರುವುದಾದರೆ ಬರಲಿ, ನಾನು ಬೇಡ ಅನ್ನುವುದಿಲ್ಲ ಅಂತ ಹೇಳಿ.' ಇಷ್ಟು ಹೇಳಿದ."

"ಮನಸ್ಸಲ್ಲಿ ಇಟ್ಟುಕೊಂಡಿಲ್ಲವಂತಾ?" ಪದ್ಮಾಕ್ಷಿ ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲುವವರೆಗೆ ನಾನು ಬೆನ್ನು ತಿಕ್ಕಿದೆ. ಬೆಂಗ್ರೆಯ ದೋಣಿ ಬಂತು, ಜನ ಇಳಿದರು, ಜನ ಹತ್ತಿದರು, ದೋಣಿ ಹೋಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀವು ಮಾತು ಬಿಡುವವರಲ್ಲ, ನನಗೆ ಗೊತ್ತು. ಆದರೂ ಸರಿಯಾಗಿ ನೆನಪು ಮಾಡಿ ಹೇಳಿ ಕಾವೇರಕ್ಕ. ಅಷ್ಟೆಲ್ಲ ಹೇಳುವಾಗ ನನ್ನ ಅಮ್ಮನ ಹೆಸರು ಅವರ ಬಾಯಲ್ಲಿ ಒಮ್ಮೆಯಾದರೂ ಬಂತಾ?"